ಬಾಣಲೆಯಲ್ಲಿ ಹುರಿದ ಹಸಿ ಮೆಣಸಿನಕಾಯಿ: ದೋಷ ಪತ್ತೆ ಮತ್ತು ನಿವಾರಣೆ

ಜೋಳದ ರೊಟ್ಟಿಯ ತಾಟಿನಲ್ಲಿ ಕಾಳುಪಲ್ಯ, ಹಿಂಡಿ, ಮೊಸರುಗಳ ಪಕ್ಕಕ್ಕೆ ಎರಡೋ ಮೂರೋ ಇಟ್ಟುಕೊಳ್ಳುವ ಹುರಿದ ಹಸಿ ಮೆಣಸಿನಕಾಯಿಗೆ ಬೇಕಾಗುವ ಸಾಮಗ್ರಿ ಬೆರಳೆಣಿಕೆಯಷ್ಟು, ಹಿಡಿಯುವ ಸಮಯ ಹೆಚ್ಚೆಂದರೆ ಕಾಲು ಗಂಟೆ. ಆದರೂ ಇದು ಕೆಡುವ ಬಗೆಗಳು ಹಲವು: ಒಮ್ಮೆ ನೀರು ಬಿಟ್ಟುಕೊಂಡು ಬೇಯಿಸಿದ ಸೊಪ್ಪಿನಂತಾಗುತ್ತದೆ, ಒಮ್ಮೆ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮತ್ತೊಮ್ಮೆ ಘಾಟೆದ್ದು ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರುತ್ತಾರೆ. ಈ ದೋಷಗಳು ಬೇರೆ ಬೇರೆಯಾಗಿ ಕಂಡರೂ ಬಹುಪಾಲು ಒಂದೇ ಮೂಲಕ್ಕೆ ಹೋಗಿ ಸೇರುತ್ತವೆ. ಹಸಿ ಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ನೀರು. ಆ ನೀರು ಯಾವಾಗ ಮತ್ತು ಎಷ್ಟು ಬೇಗ ಹೊರಬೀಳುತ್ತದೆ, ಹೊರಬಿದ್ದ ಮೇಲೆ ಆವಿಯಾಗಿ ಹೋಗುತ್ತದೆಯೋ ಬಾಣಲೆಯಲ್ಲೇ ನಿಲ್ಲುತ್ತದೆಯೋ ಎಂಬುದರ ಮೇಲೆ ಪದಾರ್ಥದ ಹದ ನಿಂತಿದೆ. ಖಾರದ ದೋಷ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಉರಿಗೆ ಬಗ್ಗುವಂಥದ್ದಲ್ಲ, ಈಳಿಗೆಯ ಮುಂದೆ ಕುಳಿತಾಗಲೇ ಸರಿಪಡಿಸಿಕೊಳ್ಳಬೇಕಾದದ್ದು.

ಸರಿಯಾಗಿ ಬಂದದ್ದು ಹೇಗಿರುತ್ತದೆ

ಹದವಾಗಿ ಹುರಿದ ಮೆಣಸಿನಕಾಯಿಯ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಬೊಬ್ಬೆಗಳೆದ್ದಿರುತ್ತವೆ, ಉಳಿದ ಭಾಗ ಹಸಿರಾಗಿಯೇ ಇರುತ್ತದೆ. ತೊಟ್ಟು ಹಿಡಿದು ಎತ್ತಿದರೆ ಕಾಯಿ ಕಳಚಿ ಬೀಳುವುದಿಲ್ಲ, ತುದಿ ಮಾತ್ರ ಸೋತು ಬಾಗುತ್ತದೆ. ಎರಡು ಬೆರಳಿನಲ್ಲಿ ಮಡಚಿದರೆ ಹಸಿ ಕಾಯಿಯಂತೆ ಟಕ್ಕೆಂದು ಮುರಿಯುವುದಿಲ್ಲ, ಹಾಗೆಂದು ಹಿಸುಕಿಯೂ ಹೋಗುವುದಿಲ್ಲ. ಬಾಣಲೆಯ ತಳದಲ್ಲಿ ನೀರಿರುವುದಿಲ್ಲ. ಅಂಚಿನಲ್ಲಿ ತೆಳುವಾಗಿ ಎಣ್ಣೆ ಹೊಳೆಯುತ್ತಿರುತ್ತದೆ, ಶೇಂಗಾ ಪುಡಿ ಕಾಯಿಗೆ ಒಣಗಿಯೇ ಹತ್ತಿಕೊಂಡಿರುತ್ತದೆ.

ಇದಕ್ಕೆ ನಾನು ಆಧಾರವಾಗಿಟ್ಟುಕೊಂಡಿರುವ ಅಳತೆ ಹೀಗಿದೆ: ಕಾಲು ಕಿಲೋ ಬಜ್ಜಿ ಮೆಣಸಿನಕಾಯಿ, ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ, ಅರ್ಧ ಚಿಕ್ಕ ಚಮಚ ಜೀರಿಗೆ, ಜಜ್ಜಿದ ಏಳೆಂಟು ಎಸಳು ಬೆಳ್ಳುಳ್ಳಿ, ಮುಕ್ಕಾಲು ಚಿಕ್ಕ ಚಮಚ ಉಪ್ಪು, ನಾಲ್ಕು ದೊಡ್ಡ ಚಮಚ ತರಿತರಿಯಾದ ಶೇಂಗಾ ಪುಡಿ, ಕೊನೆಗೆ ಅರ್ಧ ನಿಂಬೆಹಣ್ಣಿನ ರಸ. ಕಾಯಿಗಳನ್ನು ತೊಳೆದು, ಒರೆಸಿ, ತೊಟ್ಟು ಉಳಿಸಿಕೊಂಡು ಒಂದು ಪಕ್ಕ ಮಾತ್ರ ಸೀಳಬೇಕು. ಕಾದ ಬಾಣಲೆಗೆ ಎಣ್ಣೆ ಬಿಟ್ಟು, ನಡು ಉರಿಗಿಂತ ತುಸು ಹೆಚ್ಚಿನ ಉರಿಯಲ್ಲಿ ಕಾಯಿಗಳನ್ನು ಒಂದೇ ಪದರವಾಗಿ ಹರಡಿ, ಮುಚ್ಚದೆ, ನಾಲ್ಕೈದು ನಿಮಿಷ ಆಗಾಗ ಹೊರಳಿಸಿ ಬೊಬ್ಬೆ ಎಬ್ಬಿಸಬೇಕು. ಆಮೇಲೆ ಉಪ್ಪು ಹಾಕಿ, ಉರಿ ತಗ್ಗಿಸಿ, ಮೂರು ನಿಮಿಷ ಮುಚ್ಚಿಟ್ಟು ಮೆತ್ತಗಾಗಿಸಬೇಕು. ಮುಚ್ಚಳ ತೆಗೆದ ಮೇಲೆ ತಳದ ತೇವ ಆರಲು ಬಿಟ್ಟು, ಒಂದು ಬದಿಗೆ ಜಾಗ ಮಾಡಿ ಜೀರಿಗೆ ಬೆಳ್ಳುಳ್ಳಿ ಬಾಡಿಸಿ, ಶೇಂಗಾ ಪುಡಿ ಉದುರಿಸಿ ಒಂದು ನಿಮಿಷ ಹೊರಳಾಡಿಸಿ ಒಲೆ ಆರಿಸಬೇಕು. ನಿಂಬೆರಸಕ್ಕೆ ಒಲೆ ಆರಿದ ಮೇಲೆಯೇ ಸರದಿ.

ಹುರಿಯುವುದು, ಮೆತ್ತಗಾಗಿಸುವುದು, ಪುಡಿ ಹಿಡಿಸುವುದು ಎಂಬ ಈ ಮೂರು ಹಂತಗಳಲ್ಲಿ ದೋಷ ಯಾವುದರಲ್ಲಿ ಹುಟ್ಟಿತೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೆ ಕಣ್ಣಿಗಿಂತ ಕಿವಿ ಹೆಚ್ಚು ನಂಬಿಕಸ್ಥ. ಕಾಯಿ ಸರಿಯಾಗಿ ಹುರಿಯುತ್ತಿರುವಾಗ ಬಾಣಲೆಯಿಂದ ಚುರುಚುರು ಎಂಬ ಒಣ, ಸಣ್ಣ ಸದ್ದು ಬಿಟ್ಟುಬಿಟ್ಟು ಬರುತ್ತದೆ. ಸದ್ದು ದಪ್ಪಗಾಗಿ ಕೊತಕೊತ ಎಂದರೆ ಒಳಗೆ ಹುರಿಯುವ ಬದಲು ಬೇಯುವ ಕೆಲಸ ನಡೆದಿದೆ ಎಂದರ್ಥ, ಏಕೆಂದರೆ ನೀರು ನಿಂತಿರುವಷ್ಟು ಹೊತ್ತು ಕಾಯಿಯ ಮೈ 100 ಡಿಗ್ರಿ ಸೆಲ್ಸಿಯಸ್ ದಾಟಲಾರದು, ಕಂದು ಬಣ್ಣವೂ ಹುರಿದ ವಾಸನೆಯೂ ಹುಟ್ಟಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಸದ್ದೇ ಇಲ್ಲವೆಂದರೆ ಬಾಣಲೆ ಕಾದಿಲ್ಲ, ಇಲ್ಲವೇ ನೀರೆಲ್ಲ ಹೋಗಿ ಕಾಯಿ ಸೀಯಲು ಶುರುವಾಗಿದೆ. ಎರಡರಲ್ಲಿ ಯಾವುದೆಂದು ಮೂಗು ಹೇಳುತ್ತದೆ.

ನೀರು ಬಿಟ್ಟುಕೊಂಡು ಮೆತ್ತಗಾಗಿದೆ, ಬೊಬ್ಬೆ ಎದ್ದಿಲ್ಲ

ಅತ್ಯಂತ ಸಾಮಾನ್ಯವಾದ ದೋಷ ಇದು. ಕಾರಣಗಳು ಐದಾರಿದ್ದರೂ, ನೀರು ಯಾವ ಹೊತ್ತಿಗೆ ಕಾಣಿಸಿಕೊಂಡಿತು ಎಂಬುದನ್ನು ನೆನಪು ಮಾಡಿಕೊಂಡರೆ ಕಾರಣ ಬೇಗ ಸಿಗುತ್ತದೆ.

ಎಣ್ಣೆಗೆ ಬಿದ್ದ ಮೊದಲ ನಿಮಿಷದಲ್ಲೇ ಎಣ್ಣೆ ನೊರೆಗಟ್ಟಿ ಜೋರಾಗಿ ಚಟಪಟಗುಟ್ಟಿದ್ದರೆ ಅದು ತೊಳೆದ ನೀರು. ಮೆಣಸಿನಕಾಯಿಯ ಮೈ ಮೇಣದಂತೆ ನುಣುಪಾಗಿರುವುದರಿಂದ ಅಲ್ಲಿನ ನೀರು ಬೇಗ ಜಾರಿಹೋಗುತ್ತದೆ. ತೊಟ್ಟಿನ ಬುಡದ ಟೋಪಿಯ ಅಡಿಯಲ್ಲಿ ಮಾತ್ರ ಒಂದೆರಡು ಹನಿ ಸಿಕ್ಕಿಕೊಂಡು ಕಣ್ಣಿಗೆ ಬೀಳದೆ ಉಳಿಯುತ್ತವೆ. ಬಟ್ಟೆಯಿಂದ ಒರೆಸುವಾಗ ಅಲ್ಲಿಗೊಮ್ಮೆ ಬೆರಳು ತಾಗಿಸಬೇಕು. ಸೀಳಿದ ಮೇಲೆ ತೊಳೆದಿದ್ದರಂತೂ ನೀರು ಒಳಗೇ ಸೇರಿರುತ್ತದೆ, ಆದ್ದರಿಂದ ತೊಳೆಯುವುದು ಮೊದಲು, ಸೀಳುವುದು ಆಮೇಲೆ. ಫ್ರಿಜ್ಜಿನಿಂದ ತೆಗೆದ ಕಾಯಿಯ ಮೈಮೇಲೆ ಗಾಳಿಯ ತೇವವೇ ಹನಿಗಟ್ಟುವುದರಿಂದ ಅದನ್ನು ಅರ್ಧ ಗಂಟೆ ಹೊರಗಿಟ್ಟು ಇನ್ನೊಮ್ಮೆ ಒರೆಸುವುದು ಒಳ್ಳೆಯದು.

ಮೊದಲು ಸದ್ದು ಚೆನ್ನಾಗಿದ್ದು, ಎರಡು ಮೂರು ನಿಮಿಷಗಳ ನಂತರ ತಳದಲ್ಲಿ ನೀರು ಕಾಣಿಸಿಕೊಂಡರೆ ಉಪ್ಪಿನ ಮೇಲೆ ಅನುಮಾನ ಪಡಬೇಕು. ಪಲ್ಯಕ್ಕೆ ಹಾಕುವಂತೆ ಆರಂಭದಲ್ಲೇ ಉಪ್ಪು ಹಾಕುವ ರೂಢಿ ಇಲ್ಲಿ ಕೆಲಸ ಕೆಡಿಸುತ್ತದೆ. ಸೀಳಿದ ಬಾಯಿಯ ಮೂಲಕ ಉಪ್ಪು ಒಳಗಿನ ನೀರನ್ನು ಎಳೆದು ತರುತ್ತದೆ, ಬೊಬ್ಬೆ ಏಳುವ ಮುನ್ನವೇ ಬಾಣಲೆ ಒದ್ದೆಯಾಗುತ್ತದೆ. ಮುಚ್ಚಳವನ್ನು ಬೇಗ ಇಟ್ಟಿದ್ದರೂ ಇದೇ ಫಲ. ಎತ್ತಿ ನೋಡಿದಾಗ ಮುಚ್ಚಳದ ಒಳಮೈಯಿಂದ ನೀರು ಧಾರೆಯಾಗಿ ಇಳಿದರೆ ಆ ನೀರು ಅಷ್ಟೂ ಹೊತ್ತು ಮರಳಿ ಬಾಣಲೆಗೇ ಬೀಳುತ್ತಿತ್ತೆಂದು ತಿಳಿಯಬೇಕು, ಮತ್ತು ಮುಚ್ಚಳ ತೆಗೆಯುವಾಗ ಅದನ್ನು ಓರೆ ಮಾಡದೆ ನೇರವಾಗಿ ಪಕ್ಕಕ್ಕೆ ಸರಿಸಬೇಕು.

ಉಪ್ಪೂ ಇಲ್ಲ, ಮುಚ್ಚಳವೂ ಇಲ್ಲ, ಕಾಯಿಯೂ ಒಣಗಿತ್ತು. ಆದರೂ ನೀರು ನಿಂತಿತು ಎನ್ನುವವರು ನಾಲ್ಕೇ ನಾಲ್ಕು ಕಾಯಿಗಳನ್ನು ಅದೇ ಬಾಣಲೆಯಲ್ಲಿ, ಅದೇ ಉರಿಯಲ್ಲಿ ಹುರಿದು ನೋಡಬೇಕು. ಆ ನಾಲ್ಕಕ್ಕೆ ಬೊಬ್ಬೆ ಎದ್ದರೆ ದೋಷ ಒಂದರ ಮೇಲೊಂದು ಪೇರಿಸಿದ್ದರಲ್ಲಿದೆ: ಕೆಳಗಿನ ಕಾಯಿ ಬಿಟ್ಟ ಆವಿ ಮೇಲಿನದನ್ನು ಬೇಯಿಸುತ್ತಿರುತ್ತದೆ, ಬಾಣಲೆಯ ಕಾವು ಅಷ್ಟು ನೀರನ್ನು ಆವಿ ಮಾಡಿ ಮುಗಿಸಲಾರದೆ ಸೋಲುತ್ತದೆ. ಎರಡು ಸಲಕ್ಕೆ ಹಂಚಿ ಹುರಿಯುವುದೊಂದೇ ಇದಕ್ಕೆ ದಾರಿ, ಎಣ್ಣೆ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಆ ನಾಲ್ಕಕ್ಕೂ ಬೊಬ್ಬೆ ಏಳದಿದ್ದರೆ ಉರಿ ಸಾಲದು, ಇಲ್ಲವೇ ಬಾಣಲೆ ತೀರ ತೆಳ್ಳಗಿದೆ. ತೆಳುವಾದ ಅಲ್ಯೂಮಿನಿಯಂ ಬಾಣಲೆ ಬೇಗ ಕಾಯುತ್ತದೆ, ಕಾಯಿ ಬಿದ್ದೊಡನೆ ಅಷ್ಟೇ ಬೇಗ ಆರುತ್ತದೆ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ದಪ್ಪಗಿರುವುದರಿಂದ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊದಲ ಹಂತಕ್ಕೆ ಅದಕ್ಕಿಂತ ಉತ್ತಮವಾದ ಪಾತ್ರೆ ಮನೆಯಲ್ಲಿ ಬೇರೊಂದಿರಲಾರದು. ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ನಡುಭಾಗ ಮಾತ್ರ ಕಾದು ಅಂಚಿನ ಕಾಯಿಗಳು ಹಸಿಯಾಗಿ ಉಳಿಯುವ ಸಂಭವ ಹೆಚ್ಚು, ಅಲ್ಲಿ ಆಗಾಗ ಜಾಗ ಬದಲಿಸುತ್ತಿರಬೇಕು.

ನಡುವೆಯೇ ದೋಷ ಗೊತ್ತಾದರೆ ಕಾಯಿಗಳನ್ನು ತಾಟಿಗೆ ತೆಗೆದು, ಬಾಣಲೆಯ ನೀರನ್ನು ಪೂರ್ತಿ ಆವಿಯಾಗಿಸಿ, ಬೇಕಾದರೆ ಒಂದು ಚಮಚ ಹೊಸ ಎಣ್ಣೆ ಬಿಟ್ಟು, ಅರ್ಧರ್ಧ ಭಾಗ ಮರಳಿ ಹಾಕಬಹುದು. ಆಗಲೇ ಪೂರ್ತಿ ಮೆತ್ತಗಾಗಿದ್ದರೆ ಬೊಬ್ಬೆ ಎಬ್ಬಿಸುವ ಆಸೆ ಬಿಡಬೇಕು. ಅದನ್ನು ಹಸಿ ಬೆಳ್ಳುಳ್ಳಿ, ಉಪ್ಪು, ಹುರಿದ ಶೇಂಗಾದೊಂದಿಗೆ ಕಲ್ಲಿನಲ್ಲಿ ತರಿಯಾಗಿ ಕುಟ್ಟಿದರೆ ಒಳ್ಳೆಯ ಹಸಿ ಖಾರವಾಗುತ್ತದೆ, ರೊಟ್ಟಿಗೆ ಅದೂ ಕಡಿಮೆಯದೇನಲ್ಲ.

ಹೊರಗೆ ಕಪ್ಪು, ಒಳಗೆ ಹಸಿ

ಹಿಂದಿನದಕ್ಕೆ ತದ್ವಿರುದ್ಧವಾದ ದೋಷವಿದು. ಉರಿ ಹೆಚ್ಚಾಗಿ ಸಿಪ್ಪೆಯ ನೀರು ಕೂಡಲೇ ಹೋಗಿದೆ, ಒಳಗಿನ ದಪ್ಪ ಭಾಗಕ್ಕೆ ಕಾವು ತಲುಪಲು ಸಮಯ ಸಿಕ್ಕಿಲ್ಲ. ತೊಟ್ಟಿನ ಬುಡದ ಕೆಳಗೆ, ಕಾಯಿ ಅತಿ ದಪ್ಪಗಿರುವಲ್ಲಿ, ಚಮಚದ ತುದಿಯಿಂದ ಒತ್ತಿ ನೋಡಬೇಕು. ಅಲ್ಲಿ ಒತ್ತಿದ ಗುರುತು ಉಳಿಯದೆ ಪುಟಿದರೆ ಇನ್ನೂ ಹಸಿ ಎಂದೇ ಲೆಕ್ಕ. ಎರಡನೆಯ ಹಂತದ ಮುಚ್ಚಳವನ್ನು ಬಿಟ್ಟುಬಿಡುವವರಿಗೆ ಈ ದೋಷ ತಪ್ಪಿದ್ದಲ್ಲ. ಹೊರಗಿನ ಬಣ್ಣ ಬಂದಾಗಿದ್ದರೆ ಒಲೆ ಆರಿಸಿ, ಎಣ್ಣೆಯ ಕಾವು ಇಳಿಯಲು ಒಂದು ನಿಮಿಷ ಬಿಟ್ಟು, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಇಟ್ಟರೆ ಒಳಗೂ ಬೇಯುತ್ತದೆ. ಹೊಗೆಯಾಡುವ ಎಣ್ಣೆಗೆ ಮಾತ್ರ ನೀರು ಹಾಕಕೂಡದು.

ಉರಿ ಸರಿಯಿದ್ದು, ಮುಚ್ಚಿ ಬೇಯಿಸಿದ ಮೇಲೂ ಸಿಪ್ಪೆ ಚರ್ಮದಂತೆ ಗಟ್ಟಿಯಾಗಿ ಉಳಿಯುವುದುಂಟು. ಆಗ ಹುಣಸೆ ರಸವನ್ನೋ ನಿಂಬೆಯನ್ನೋ ಬೇಗ ಹಾಕಿದ್ದೀರಾ ಎಂದು ನೋಡಿಕೊಳ್ಳಬೇಕು. ತರಕಾರಿಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಹುಳಿ ಬಿದ್ದ ಮೇಲೆ ಎಷ್ಟು ಬೇಯಿಸಿದರೂ ಕಾಯಿ ಬೇಗ ಮೆತ್ತಗಾಗದು. ಹುಳಿಯನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣ ಬಣ್ಣ, ಅದನ್ನು ಮುಂದೆ ಹೇಳಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಬಜ್ಜಿ ಮೆಣಸಿನಕಾಯಿ ಸಿಗದೆ ಹಲಪೇನ್ಯೋ ಕಾಯಿಯನ್ನು ಬಳಸುವಾಗ ಇದೇ ದೋಷ ಎದುರಾಗುತ್ತದೆ, ಏಕೆಂದರೆ ಅದರ ಗೋಡೆ ನಮ್ಮ ಕಾಯಿಗಿಂತ ಬಹಳ ದಪ್ಪ. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಮುಚ್ಚಿಡುವ ಸಮಯವನ್ನು ಐದಾರು ನಿಮಿಷಕ್ಕೆ ಏರಿಸಬೇಕಾಗುತ್ತದೆ. ಅದಕ್ಕಿಂತ ತೆಳ್ಳಗಿನ ಸೆರಾನೋ ಕಾಯಿಗೆ ಮೇಲಿನ ಅಳತೆಯೇ ಸಾಕು, ಖಾರ ಮಾತ್ರ ಹೆಚ್ಚು.

ಕಾಯಿ ಸಿಡಿಯುತ್ತಿದೆ

ಸೀಳದ ಕಾಯಿ ಮುಚ್ಚಿದ ಡಬ್ಬಿಯಿದ್ದಂತೆ. ಒಳಗಿನ ನೀರು ಆವಿಯಾಗಿ ಹಿಗ್ಗಿ, ಹೋಗಲು ದಾರಿಯಿಲ್ಲದೆ ಸಿಪ್ಪೆ ಹರಿದು ಹಾರುತ್ತದೆ, ಜೊತೆಗೆ ಕಾದ ಎಣ್ಣೆಯನ್ನೂ ಎರಚುತ್ತದೆ. ಇಡಿಯಾಗಿಯೇ ಬೇಕೆನ್ನುವವರು ತೊಟ್ಟಿನ ಹತ್ತಿರ ಒಂದು, ತುದಿಯ ಹತ್ತಿರ ಒಂದು ಚುಚ್ಚು ಹಾಕಬೇಕು; ಒಂದೇ ಚುಚ್ಚು ಎಣ್ಣೆಯಲ್ಲಿ ಮುಚ್ಚಿಹೋಗಬಹುದು. ಸೀಳಿದ ಮೇಲೂ ಸಿಡಿತ ನಿಲ್ಲದಿದ್ದರೆ ಅದು ತೊಟ್ಟಿನ ಬುಡದಲ್ಲಿ ಉಳಿದ ನೀರು, ಮೇಲೆ ಹೇಳಿದ್ದೇ.

ಘಾಟು ಎದ್ದಿದೆ

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕಾಯಿ ಹುರಿಯುತ್ತಿರುವಾಗ ಅದು ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಹೊಗೆಯಾಡಿದಾಗ, ಇಲ್ಲವೇ ನೀರು ಬಿದ್ದು ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಗಾಳಿಗೆ ಹಾರಿದಾಗ, ಆ ಹೊಗೆ ಮತ್ತು ಹನಿಗಳ ಜೊತೆ ಗಂಟಲಿಗೂ ಕಣ್ಣಿಗೂ ತಲುಪುತ್ತದೆ. ಆದ್ದರಿಂದ ಘಾಟಿನ ಪ್ರಮಾಣ ಕಾಯಿಯ ಖಾರಕ್ಕಿಂತ ಎಣ್ಣೆಯ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಸಾಧಾರಣ ಖಾರದ ಕಾಯಿಯೂ ಸೀದ ಎಣ್ಣೆಯಲ್ಲಿ ಮನೆ ಬಿಡಿಸಬಲ್ಲದು, ಉಗ್ರವಾದ ಕಾಯಿಯೂ ಹದವಾದ ಕಾವಿನಲ್ಲಿ ಸುಮ್ಮನಿರಬಲ್ಲದು.

ಮೊದಲು ಎಣ್ಣೆ ಯಾವುದೆಂದು ನೋಡಬೇಕು. ಸಂಸ್ಕರಿಸಿದ ಶೇಂಗಾ ಎಣ್ಣೆ 220 ಡಿಗ್ರಿ ದಾಟುವವರೆಗೂ ಹೊಗೆಯಾಡುವುದಿಲ್ಲ, ಗಾಣದಿಂದ ತಂದ ಎಣ್ಣೆ ಸುಮಾರು 160 ಡಿಗ್ರಿಗೇ ಹೊಗೆ ಬಿಡುತ್ತದೆ. ಗಾಣದ ಎಣ್ಣೆಯ ರುಚಿ ಈ ಪದಾರ್ಥಕ್ಕೆ ಬಹಳ ಒಪ್ಪುತ್ತದೆಂಬುದು ನಿಜ, ಆದರೆ ಅದನ್ನು ಬಳಸುವಾಗ ಉರಿಯನ್ನು ನಡುವಿಗಿಂತ ಮೇಲೆ ಏರಿಸದೆ, ಹುರಿಯಲು ಎರಡು ನಿಮಿಷ ಹೆಚ್ಚು ಕೊಡುವುದು ಲೇಸು. ಎರಡನೆಯದಾಗಿ ಉದುರಿದ ಬೀಜಗಳನ್ನು ನೋಡಬೇಕು. ಸೀಳುವಾಗ ಸಡಿಲಾದ ಬೀಜಗಳು ಎಣ್ಣೆಗೆ ಬಿದ್ದರೆ ಕಾಯಿಗಿಂತ ಎಷ್ಟೋ ಮೊದಲು ಸೀದು ಹೊಗೆಯಾಡುತ್ತವೆ. ಸೀಳಿದ ಕಾಯಿಯನ್ನು ತಲೆಕೆಳಗಾಗಿಸಿ ತಾಟಿನ ಅಂಚಿಗೆ ಒಂದೆರಡು ಬಾರಿ ತಟ್ಟಿದರೆ ಸಡಿಲವಾದವು ಅಲ್ಲೇ ಉದುರುತ್ತವೆ.

ಘಾಟು ಎದ್ದ ಮೇಲೆ ಬಾಣಲೆಗೆ ನೀರು ಸುರಿಯುವುದು ಅತ್ಯಂತ ಕೆಟ್ಟ ಉಪಾಯ, ಅದರಿಂದ ಇದ್ದ ಘಾಟು ಹಲವು ಪಟ್ಟಾಗುತ್ತದೆ. ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿ, ಕಿಟಕಿ ತೆರೆದು, ಹೊಗೆ ಹೊರಹಾಕುವ ಫ್ಯಾನ್ ಹಾಕಿ ಹೊರಗೆ ಬರಬೇಕು. ಉಬ್ಬಸದವರು ಮತ್ತು ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಅವರನ್ನು ಅಡುಗೆಮನೆಯಿಂದ ದೂರವಿಟ್ಟೇ ಈ ಕೆಲಸ ಶುರುಮಾಡುವುದು ಕ್ಷೇಮ. ಹೆಚ್ಚಿದ ಕೈ ಉರಿಯುವುದಕ್ಕೂ ಕಾರಣ ಇದೇ ವಸ್ತುವಾದ್ದರಿಂದ ಬರಿಯ ನೀರಿನಲ್ಲಿ ತೊಳೆದರೆ ಉರಿ ಹೋಗುವುದಿಲ್ಲ. ಮೊದಲು ಎಣ್ಣೆ ಸವರಿ ಉಜ್ಜಿ, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕು, ಅಲ್ಲಿಯವರೆಗೆ ಕೈ ಕಣ್ಣಿನ ಕಡೆ ಹೋಗದಂತೆ ನೋಡಿಕೊಳ್ಳಬೇಕು.

ಖಾರ ಮೀರಿದೆ

ಹೆಚ್ಚು ಹೊತ್ತು ಹುರಿದರೆ ಖಾರ ಇಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಲೆಯ ಮೇಲಿನ ಹತ್ತು ಹದಿನೈದು ನಿಮಿಷಗಳ ಕಾವಿಗೆ ಕ್ಯಾಪ್ಸೈಸಿನ್ ಗಮನಾರ್ಹವಾಗಿ ನಾಶವಾಗುವುದಿಲ್ಲ. ಕಾಯಿಯಿಂದ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ, ಆ ಎಣ್ಣೆ ಪುಡಿಯೊಂದಿಗೆ ಮತ್ತೆ ತಾಟಿಗೇ ಬರುತ್ತದೆ. ಉಪ್ಪು ನೀರಿನಲ್ಲಿ ನೆನೆಸಿಟ್ಟರೆ ಖಾರ ಹೋಗುತ್ತದೆಂಬುದನ್ನೂ ಅಷ್ಟಾಗಿ ನಂಬಬೇಕಿಲ್ಲ, ನೀರಿನಲ್ಲಿ ಕರಗದ್ದು ನೀರಿಗೆ ಇಳಿಯುವುದು ಅಷ್ಟಕ್ಕಷ್ಟೆ.

ಖಾರ ಕಾಯಿಯ ಒಳಗೆ ಎಲ್ಲಿದೆ ಎಂಬುದನ್ನು ಕಣ್ಣಾರೆ ಕಾಣಬಹುದು. ಒಂದು ಕಾಯಿಯನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದರೆ ತೊಟ್ಟಿನ ಬುಡದಲ್ಲಿ ದಪ್ಪಗಾಗಿ ಶುರುವಾಗಿ ಎರಡು ಮೂರು ಎಳೆಗಳಾಗಿ ತುದಿಯ ಕಡೆಗೆ ಸಣ್ಣಗಾಗುತ್ತ ಇಳಿಯುವ ಬಿಳಿಯ ತಿರುಳು ಕಾಣುತ್ತದೆ, ಬೀಜಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಖಾರ ಹುಟ್ಟುವುದು ಆ ತಿರುಳಿನಲ್ಲಿ. ಬೀಜ ತಾನಾಗಿ ಖಾರವನ್ನು ಉಂಟುಮಾಡುವುದಿಲ್ಲ, ತಿರುಳಿನ ಪಕ್ಕದಲ್ಲಿದ್ದು ಮೈಗೆ ಹಚ್ಚಿಕೊಂಡಿರುತ್ತದೆ ಅಷ್ಟೆ. ಬೀಜವನ್ನಷ್ಟೇ ಉದುರಿಸಿ ತಿರುಳನ್ನು ಹಾಗೇ ಬಿಟ್ಟವರು ಖಾರ ತೆಗೆದೆವೆಂದು ತಿಳಿಯುವುದು ಅದಕ್ಕಾಗಿಯೇ ಹುಸಿಯಾಗುತ್ತದೆ. ಚಿಕ್ಕ ಚಮಚದ ಹಿಡಿಯಿಂದ ತೊಟ್ಟಿನ ಬುಡದ ದಪ್ಪ ಗಂಟನ್ನು ಕೆರೆದು ತೆಗೆದರೆ ಬಹಳಷ್ಟು ಖಾರ ಅಲ್ಲೇ ಹೋಗುತ್ತದೆ. ಒಂದು ಕಂತೆಯ ಖಾರವನ್ನು ಪರೀಕ್ಷಿಸುವಾಗಲೂ ತುದಿಯನ್ನು ಕಚ್ಚಿ ನೋಡಿದರೆ ಮೋಸ ಹೋಗುವ ಸಂಭವವಿದೆ, ಬುಡದ ಕಡೆಯ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಬೇಕು.

ಕಾಯಿಯ ಆಯ್ಕೆಯೇ ತಪ್ಪಾಗಿದ್ದರೆ ಕೆರೆದು ಸಾಗುವುದಿಲ್ಲ. ತಿಳಿ ಹಸಿರಿನ, ಉದ್ದನೆಯ, ದಪ್ಪ ಬಜ್ಜಿ ಮೆಣಸಿನಕಾಯಿ ಇಡಿಯಾಗಿ ತಿನ್ನುವುದಕ್ಕೆ ಯೋಗ್ಯ. ತೆಳ್ಳಗಿನ, ಸುಕ್ಕಿನ ಮೈಯ ಜ್ವಾಲಾ ಜಾತಿಯದು ಖಾರದಲ್ಲಿ ಅದಕ್ಕಿಂತ ಬಹಳ ಮೇಲು, ಅದನ್ನು ಹುರಿದರೆ ತಲೆಗೆ ಒಂದೇ ಸಾಕು. ಮಲೆನಾಡು ಕರಾವಳಿಗಳ ಸೂಜಿ ಮೆಣಸು, ಜೀರಿಗೆ ಮೆಣಸು ಎಂದು ಕರೆಯುವ ಪುಟ್ಟ ಕಾಯಿ ಚಟ್ನಿಗೂ ಉಪ್ಪಿನಕಾಯಿಗೂ ಸರಿ, ಹೀಗೆ ಹುರಿದು ಕಚ್ಚುವುದಕ್ಕಲ್ಲ. ಒಂದೇ ಗಿಡದ ಕಾಯಿಗಳಲ್ಲೂ ಖಾರ ಏರುಪೇರಾಗುವುದುಂಟು: ಸ್ಪೇನಿನ ಗಲೀಸಿಯ ಪ್ರಾಂತದಲ್ಲಿ ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿ ತಿನ್ನುವ ಪದ್ರೋನ್ ಕಾಯಿಗಳ ಬಗ್ಗೆ ಕೆಲವು ಖಾರ, ಕೆಲವು ಅಲ್ಲ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ನೀರಿನ ಕೊರತೆಯಲ್ಲಿ ಬೆಳೆದ ಗಿಡದ ಕಾಯಿ ಸಾಮಾನ್ಯವಾಗಿ ಹೆಚ್ಚು ಖಾರವಾಗಿರುವುದರಿಂದ, ಬೇಸಿಗೆಯಲ್ಲಿ ಎಂದಿನ ಅಂಗಡಿಯಿಂದ ಎಂದಿನ ಕಾಯಿಯನ್ನೇ ತಂದರೂ ಲೆಕ್ಕ ತಪ್ಪಬಹುದು.

ಹುರಿದಾದ ಮೇಲೆ ಖಾರ ಹೆಚ್ಚೆನಿಸಿದರೆ ಮಾಡಬಹುದಾದದ್ದು ಖಾರವನ್ನು ಹಂಚುವುದು ಮತ್ತು ನಾಲಿಗೆಗೆ ಅಡ್ಡ ಕಟ್ಟುವುದು. ಶೇಂಗಾ ಪುಡಿಯನ್ನು ಒಂದೂವರೆ ಪಟ್ಟು ಮಾಡಿದರೆ ಪ್ರತಿ ತುತ್ತಿನ ಖಾರ ಇಳಿಯುತ್ತದೆ. ಚಿಟಿಕೆ ಬೆಲ್ಲ ಖಾರದ ಮೊನೆಯನ್ನು ಮೊಂಡು ಮಾಡುತ್ತದೆ, ಹೆಚ್ಚಾದರೆ ಗೊಜ್ಜಿನ ರುಚಿ ಬರುತ್ತದೆ. ಮೊಸರಿನ ಪರಿಣಾಮ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಮೊಸರನ್ನು ಬಾಣಲೆಗೇ ಹಾಕಿದರೆ ಕಾವಿಗೆ ಒಡೆದು ನೀರು ಬೇರೆ, ಗಟ್ಟಿ ಬೇರೆಯಾಗುತ್ತದೆ. ಕಾಯಿ ಉಗುರುಬೆಚ್ಚಗಾದ ಮೇಲೆ ತಾಟಿನಲ್ಲೇ ಬೆರೆಸಬೇಕು.

ಆರುವವರೆಗೆ ಕಾಯುವುದಕ್ಕೂ ಬೆಲೆಯಿದೆ. ಖಾರವನ್ನು ಗ್ರಹಿಸುವ ನರಗಳ ಗ್ರಾಹಿಯನ್ನು 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಗುರುತಿಸಿತು, 2021ರಲ್ಲಿ ಅವರು ವೈದ್ಯಕೀಯದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆ ಗ್ರಾಹಿ ಖಾರಕ್ಕೆ ಹೇಗೋ ಸುಮಾರು 43 ಡಿಗ್ರಿ ಮೀರಿದ ಬಿಸಿಗೂ ಹಾಗೆಯೇ ಎಚ್ಚೆತ್ತುಕೊಳ್ಳುತ್ತದೆ. ಸುಡುಸುಡುವ ಮೆಣಸಿನಕಾಯಿಯನ್ನು ಕಚ್ಚಿದವರಿಗೆ ಬಿಸಿ ಮತ್ತು ಖಾರ ಒಂದೇ ಬಾಗಿಲಿನಿಂದ ಒಟ್ಟಿಗೆ ನುಗ್ಗುತ್ತವೆ, ಅದೇ ಕಾಯಿ ಆರಿದ ಮೇಲೆ ಸಹ್ಯವೆನಿಸುತ್ತದೆ.

ಖಾರವೇ ಇಲ್ಲವೆಂಬ ದೂರು ವಿರಳ. ಬಂದರೆ, ಮುಂದಿನ ಬಾರಿ ನಾಲ್ಕೈದು ಜ್ವಾಲಾ ಕಾಯಿಗಳನ್ನು ಬಜ್ಜಿ ಕಾಯಿಗಳ ಜೊತೆ ಸೇರಿಸಿ ಹುರಿದರೆ ಎಣ್ಣೆಯ ಮೂಲಕ ಖಾರ ಎಲ್ಲಕ್ಕೂ ಹಂಚಿಕೆಯಾಗುತ್ತದೆ.

ಕಹಿ ಬಂದಿದೆ

ಕಾಯಿಯ ಮೈಮೇಲಿನ ಕಂದು ಬೊಬ್ಬೆಗಳಿಂದ ಕಹಿ ಬರುವುದು ಅಪರೂಪ, ಬಹುತೇಕ ಸಲ ತಪ್ಪಿತಸ್ಥ ಒಗ್ಗರಣೆ. ಎಣ್ಣೆ ಕಾದೊಡನೆ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ ಹಾಕುವುದು ನಮ್ಮ ಕೈಗೆ ರೂಢಿಯಾಗಿದೆ. ಬೇಗ ಮುಗಿಯುವ ಪಲ್ಯಕ್ಕೆ ಅದು ಸರಿ, ಹತ್ತು ನಿಮಿಷ ಹುರಿಯುವ ಕಾಯಿಗೆ ಸಲ್ಲದು. ಕಾಯಿಗೆ ಬಣ್ಣ ಬರುವ ಹೊತ್ತಿಗೆ ಬೆಳ್ಳುಳ್ಳಿ ಕರಕಲಾಗಿ, ಜೀರಿಗೆ ಕಪ್ಪಾಗಿ, ಎಣ್ಣೆಯೆಲ್ಲ ಕಹಿಯಾಗಿರುತ್ತದೆ. ಅದಕ್ಕಾಗಿಯೇ ಮೇಲಿನ ಕ್ರಮದಲ್ಲಿ ಅವುಗಳನ್ನು ಕೊನೆಗೆ ಇಟ್ಟಿದೆ. ಸೀದ ಬೆಳ್ಳುಳ್ಳಿಯನ್ನು ಆರಿಸಿ ತೆಗೆದರೂ ಕಹಿ ಎಣ್ಣೆಯಲ್ಲಿ ಉಳಿದಿರುತ್ತದೆ, ಕಾಯಿಗಳನ್ನು ಬೇರೆ ಮಾಡಿ ಎಣ್ಣೆಯನ್ನು ಬದಲಿಸುವುದೇ ಪರಿಹಾರ. ಕಹಿಯಲ್ಲ, ಒಂದು ಬಗೆಯ ಕಬ್ಬಿಣದ ಒಗರು ಎನಿಸಿದರೆ ಕಬ್ಬಿಣದ ಬಾಣಲೆಯಲ್ಲಿ ಹುಳಿ ಕಲಸಿ ಹಾಗೇ ಬಿಟ್ಟದ್ದು ಕಾರಣ. ಹುಳಿಯನ್ನು ಸ್ಟೀಲು ಇಲ್ಲವೇ ಪಿಂಗಾಣಿ ಪಾತ್ರೆಗೆ ವರ್ಗಾಯಿಸಿದ ಮೇಲೆ ಬೆರೆಸಬೇಕು.

ಬಣ್ಣ ಮಂಕಾಗಿದೆ

ಹಸಿರು ಹೋಗಿ ಹುಣಸೆಲೆ ಒಣಗಿದಂಥ ಬಣ್ಣ ಬಂದರೆ ಹುಳಿ ಬೇಗ ಬಿದ್ದಿದೆ, ಇಲ್ಲವೇ ಮುಚ್ಚಳ ಹೆಚ್ಚು ಹೊತ್ತು ಮುಚ್ಚಿದೆ. ಎಲೆಹಸಿರಿನ ಕಣದ ನಡುವಿರುವ ಮೆಗ್ನೀಸಿಯಂ ಹುಳಿಯಲ್ಲಿ ಕಳಚಿಹೋಗಿ ಬಣ್ಣ ಕಂದುಹಸಿರಿಗೆ ತಿರುಗುತ್ತದೆ. ಮುಚ್ಚಿ ಬೇಯಿಸಿದಾಗ ಕಾಯಿಯೊಳಗಿನ ಹುಳಿಯಂಶ ಆವಿಯ ಜೊತೆ ಹೊರಹೋಗಲಾರದೆ ಅದೇ ಕೆಲಸ ಮಾಡುತ್ತದೆ. ಸೋಡಾ ಹಾಕಿದರೆ ಹಸಿರು ಉಳಿಯುತ್ತದೆಂಬುದು ನಿಜವಾದರೂ ಕಾಯಿ ಗಂಜಿಯಂತಾಗುವುದರಿಂದ ಅದನ್ನು ನಾನು ಒಪ್ಪುವುದಿಲ್ಲ. ರುಚಿಗೆ ಕುಂದಿಲ್ಲದಿದ್ದರೆ ಬಣ್ಣದ ಚಿಂತೆ ಬಿಡಬಹುದು.

ಪುಡಿ ಹಿಡಿಯುತ್ತಿಲ್ಲ, ಉಪ್ಪು ಒಳಗೆ ಹೋಗಿಲ್ಲ

ಪುಡಿ ಮುದ್ದೆಯಾಗಿ ತಳಕ್ಕೆ ಅಂಟಿದರೆ ತಳದ ನೀರು ಆರುವ ಮುನ್ನ ಹಾಕಲಾಗಿದೆ. ಕಾಯಿಗೆ ಹತ್ತದೆ ಮರಳಿನಂತೆ ಉದುರಿ ಉಳಿದರೆ ಎಣ್ಣೆ ಸಾಲದು, ಬದಿಯಿಂದ ಒಂದು ಚಮಚ ಬಿಟ್ಟು ಹೊರಳಿಸಿದರೆ ಕೂಡಿಕೊಳ್ಳುತ್ತದೆ. ಶೇಂಗಾ ಆಗಲೇ ಹುರಿದದ್ದಾದ್ದರಿಂದ ಅದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚಿನ ಕಾವು ಬೇಡ. ಶೇಂಗಾದ ಬದಲು ಕಡಲೆ ಹಿಟ್ಟು ಬಳಸುವವರು ಅದನ್ನು ಬೇರೆಯಾಗಿ ಒಣಬಾಣಲೆಯಲ್ಲಿ ಪರಿಮಳ ಬರುವವರೆಗೆ ಹುರಿದುಕೊಂಡಿರಬೇಕು, ಇಲ್ಲದಿದ್ದರೆ ಹಸಿ ಹಿಟ್ಟಿನ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಗುರೆಳ್ಳು ಪುಡಿಯೂ ಚೆನ್ನಾಗಿ ಹೊಂದುತ್ತದೆ, ಅದು ಬೇಗ ಸೀಯುವುದರಿಂದ ಒಲೆ ಆರಿಸಿದ ಮೇಲೆ ಹಾಕುವುದು ಒಳಿತು.

ಉಪ್ಪಿನ ವಿಷಯದಲ್ಲಿ, ಹೊರಗೆ ಉಪ್ಪಾಗಿ ಒಳಗೆ ಸಪ್ಪೆಯಾಗಿದ್ದರೆ ಸೀಳು ಚಿಕ್ಕದಾಗಿದೆ. ಮೇಣದ ಹೊದಿಕೆಯಿರುವ ಸಿಪ್ಪೆಯ ಮೂಲಕ ಉಪ್ಪು ಇಳಿಯುವುದಿಲ್ಲ, ಸೀಳಿನ ಬಾಯಿಯೇ ಅದಕ್ಕೆ ದಾರಿ. ಎರಡನೆಯ ಹಂತದಲ್ಲಿ ಉಪ್ಪನ್ನು ಮೇಲೆ ಉದುರಿಸಿ ಬಿಡದೆ, ಸೀಳು ಮೇಲ್ಮುಖವಾಗುವಂತೆ ಕಾಯಿಗಳನ್ನು ತಿರುಗಿಸಿಕೊಂಡು ಚಿಟಿಕೆ ಚಿಟಿಕೆಯಾಗಿ ಒಳಗೆ ಬೀಳಿಸಬೇಕು.

ಎರಡನೆಯ ದಿನಕ್ಕೆ ಕೆಟ್ಟಿದೆ

ಇದು ಉಪ್ಪಿನಕಾಯಿಯಲ್ಲ, ಎಣ್ಣೆಯಲ್ಲಿ ಹುರಿದ ತರಕಾರಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಕೆಡುವುದಿಲ್ಲವೆಂದು ಹೊರಗಿಡುವುದು ಅಪಾಯಕರ, ಏಕೆಂದರೆ ಹುಳಿ ಕಡಿಮೆಯಿರುವ ತರಕಾರಿಯೂ ಬೆಳ್ಳುಳ್ಳಿಯೂ ಎಣ್ಣೆಯ ಅಡಿಯಲ್ಲಿ ಗಾಳಿಯಿಲ್ಲದೆ ಉಳಿದಾಗ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲವಾಗುತ್ತದೆ, ಅದು ಉಂಟುಮಾಡುವ ವಿಷ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗದೆ ಇರಬಹುದು. ಆರಿದ ಕೂಡಲೇ ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ ಮೂರು ದಿನದೊಳಗೆ ಮುಗಿಸಬೇಕು. ಪ್ರಯಾಣದ ಬುತ್ತಿಗೆ ಕಟ್ಟುವುದಾದರೆ ಅಂದಿನ ಊಟಕ್ಕೆ ಮಾತ್ರ ಕಟ್ಟಬೇಕು, ಮರುದಿನಕ್ಕೆ ಒಣ ಶೇಂಗಾ ಹಿಂಡಿಯೇ ವಾಸಿ. ಫ್ರಿಜ್ಜಿನಲ್ಲಿಟ್ಟ ಕಾಯಿಯ ಮೇಲಿನ ಪುಡಿ ತೇವ ಹೀರಿ ಮೆತ್ತಗಾಗಿರುತ್ತದೆ; ಎಣ್ಣೆ ಹಾಕದ ಹಂಚಿನ ಮೇಲೆ ಎರಡು ನಿಮಿಷ ಬಿಸಿ ಮಾಡಿ, ಬಡಿಸುವಾಗ ಒಂದು ಚಮಚ ಹೊಸ ಪುಡಿ ಉದುರಿಸಿಕೊಂಡರೆ ರೊಟ್ಟಿಗೆ ಸರಿಹೋಗುತ್ತದೆ.